‘ಕೊಲಾಸಲ್’ ಎಂದರೆ ಎಷ್ಟು ದೊಡ್ಡದು? ಗೋಳಗುಮ್ಮಟದ ಊರಿನಿಂದ ಒಂದು ಪ್ರಶ್ನೆ

ಇಂಗ್ಲಿಷ್ ಶಿಕ್ಷಕಿ, ವಿಜಯಪುರ

ಕನ್ನಡ ಮಾಧ್ಯಮದ ಹತ್ತನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಜಿಲ್ಲೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ತರಲು ಮಕ್ಕಳಿಗೆ ಹೇಳಿದ್ದೆ. ಹೆಚ್ಚಿನವರ ಪುಟದಲ್ಲಿ ಒಂದೇ ಪದ ಮತ್ತೆ ಮತ್ತೆ ಬಂದಿದೆ: ‘ಕೊಲಾಸಲ್’. ಗೋಳಗುಮ್ಮಟ ಕೊಲಾಸಲ್, ಮಲಿಕ್-ಎ-ಮೈದಾನ್ ತೋಪು ಕೊಲಾಸಲ್, ಆಲಮಟ್ಟಿಯ ಹಿನ್ನೀರು ಕೊಲಾಸಲ್, ಜಾತ್ರೆಯ ಜನವೂ ಕೊಲಾಸಲ್. ಮಕ್ಕಳು ನೋಡಿಕೊಂಡ ಅಭ್ಯಾಸ ಪುಸ್ತಕದಲ್ಲಿ ಹ್ಯೂಜ್, ಎನಾರ್ಮಸ್, ಇಮ್ಮೆನ್ಸ್, ವಾಸ್ಟ್, ಜೈಗ್ಯಾಂಟಿಕ್, ಕೊಲಾಸಲ್ ಎಂದು ಸಾಲಾಗಿ ಕೊಟ್ಟು, ಎಲ್ಲಕ್ಕೂ ಸೇರಿಸಿ ‘ಬೃಹತ್ತಾದ’ ಎಂಬ ಒಂದೇ ಅರ್ಥ ಬರೆದಿದ್ದಾರೆ.

ಅರ್ಥ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ಅರ್ಥವಿದ್ದರೆ ಆರು ಪದಗಳನ್ನು ಇಟ್ಟುಕೊಂಡು ಇಂಗ್ಲಿಷಿನವರು ಏನು ಮಾಡುತ್ತಾರೆ? ಹಿನ್ನೀರಿಗೆ ‘ಕೊಲಾಸಲ್’ ಎಂದಾಗ ನನ್ನ ಕಿವಿಗೆ ಏನೋ ಹೊಂದುವುದಿಲ್ಲ, ತೋಪಿಗೆ ಎಂದಾಗ ಸರಿಯಾಗಿ ಕೇಳಿಸುತ್ತದೆ. ಏಕೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕು. ‘ಹೊಂದುವುದಿಲ್ಲ’ ಎಂದು ಕೆಂಪು ಗೆರೆ ಎಳೆದು ಬಿಟ್ಟರೆ ಅವರು ಮುಂದಿನ ಸಲ ಪದವನ್ನೇ ಬಿಟ್ಟುಬಿಡುತ್ತಾರೆ, ಅದು ನನಗೆ ಬೇಡ. ದಿನಾ ಶಾಲೆಗೆ ಬರುವಾಗ ಗೋಳಗುಮ್ಮಟವನ್ನು ನೋಡಿಕೊಂಡೇ ಬರುವ ಮಕ್ಕಳು ಇವರು. ದೊಡ್ಡದನ್ನು ಹೇಳುವ ಮಾತು ಇವರಿಗೆ ನಿಖರವಾಗಿ ಸಿಗಬೇಕು. ತಿಳಿದವರು ಹೇಳಿ.

ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ, ಬಾಗಲಕೋಟೆ

ಮೇಡಂ, ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ. ಈ ಪದ ಹುಟ್ಟಿದ್ದು ಪ್ರತಿಮೆಯಿಂದ. ನೀರು, ಬಯಲು, ಜನಸಂದಣಿ ಇವು ಯಾವುವೂ ಅದರ ಮೂಲದಲ್ಲಿ ಇಲ್ಲ.

ಗ್ರೀಕ್ ಭಾಷೆಯ ‘ಕೊಲೊಸೋಸ್’ ಎಂಬ ಪದಕ್ಕೆ ಮೊದಲಿಗೆ ಗಾತ್ರದ ಹಂಗೇ ಇರಲಿಲ್ಲ. ಮಣ್ಣಿನಲ್ಲೋ ಮರದಲ್ಲೋ ಮಾಡಿದ ಚಿಕ್ಕ ಗೊಂಬೆಗೂ ಅದೇ ಹೆಸರಿತ್ತು. ಪದಕ್ಕೆ ದೊಡ್ಡತನ ಅಂಟಿಸಿದ್ದು ರೋಡ್ಸ್ ದ್ವೀಪದ ಸೂರ್ಯದೇವನ ಕಂಚಿನ ಪ್ರತಿಮೆ. ಡೆಮಿಟ್ರಿಯಸ್ ಎಂಬ ಸೇನಾನಿ ಕ್ರಿ.ಪೂ. 305ರಲ್ಲಿ ಆ ದ್ವೀಪಕ್ಕೆ ಮುತ್ತಿಗೆ ಹಾಕಿದ. ಮರುವರ್ಷ ಗೆಲ್ಲಲಾರದೆ ತನ್ನ ಯುದ್ಧಯಂತ್ರಗಳನ್ನು ಅಲ್ಲಿಯೇ ಬಿಟ್ಟು ಹೊರಟುಹೋದ. ದ್ವೀಪದ ಜನ ಅವನ್ನು ಮಾರಿ, ಬಂದ ಹಣದಲ್ಲಿ ತಮ್ಮ ದೇವರ ಪ್ರತಿಮೆ ಎರಕ ಹೊಯ್ಯಿಸಿದರು. ಲಿಂಡೋಸ್ ಊರಿನ ಖಾರೆಸ್ ಎಂಬ ಶಿಲ್ಪಿಗೆ ಅದನ್ನು ಮುಗಿಸಲು 12 ವರ್ಷ ಹಿಡಿಯಿತು. ಎತ್ತರ ಸುಮಾರು 33 ಮೀಟರ್. ಅದು ಕಾಲು ಅಗಲಿಸಿ ಬಂದರಿನ ಬಾಯಿಗೆ ಅಡ್ಡ ನಿಂತಿತ್ತೆಂದು ತೋರಿಸುವ ಚಿತ್ರಗಳೆಲ್ಲ ಬಹಳ ನಂತರದವರ ಕಲ್ಪನೆ. ನಿಂತ ಕೆಲವೇ ದಶಕಗಳಲ್ಲಿ ಭೂಕಂಪಕ್ಕೆ ಅದು ಮೊಣಕಾಲಿನ ಬಳಿ ಮುರಿದು ಬಿತ್ತು. ನೆಲದ ಮೇಲೆ ಬಿದ್ದಿದ್ದ ಆ ಪ್ರತಿಮೆಯ ಹೆಬ್ಬೆರಳನ್ನು ಎರಡು ತೋಳುಗಳಿಂದ ತಬ್ಬಿ ಹಿಡಿಯುವುದು ಕೆಲವರಿಗಷ್ಟೇ ಸಾಧ್ಯವೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ.

ಮಕ್ಕಳಿಗೆ ಈ ಹೆಬ್ಬೆರಳಿನ ಸಂಗತಿಯನ್ನೇ ಹೇಳಿ. ಪದದ ಜೀವ ಅಲ್ಲಿದೆ. ನನ್ನ ಮೈಗೆ ಇರುವ ಅಂಗವೇ ಅದಕ್ಕೂ ಇದೆ, ಆದರೆ ನನ್ನ ತೋಳಿಗೆ ಅದು ಸಿಗುವುದಿಲ್ಲ. ಕಲೆಯ ಇತಿಹಾಸ ಬರೆಯುವವರು ಇಂದಿಗೂ ಇದನ್ನು ಅಳತೆಯ ಪದವಾಗಿಯೇ ಬಳಸುತ್ತಾರೆ. ಆಳೆತ್ತರದ ಪ್ರತಿಮೆಗೆ ಒಂದು ಮಾತು, ಆಳಿಗಿಂತ ಸ್ವಲ್ಪ ದೊಡ್ಡದಕ್ಕೆ ಇನ್ನೊಂದು, ಸುಮಾರಾಗಿ ಎರಡಾಳಿನ ಎತ್ತರ ಮೀರಿದರೆ ಕೊಲಾಸಲ್. ಶ್ರವಣಬೆಳಗೊಳದ ಗೊಮ್ಮಟನನ್ನು 19ನೇ ಶತಮಾನದ ಇಂಗ್ಲಿಷ್ ಬರಹಗಾರರು ‘ಕೊಲಾಸಸ್’ ಎಂದು ಕರೆದದ್ದು ಈ ಲೆಕ್ಕದಲ್ಲಿಯೇ. ನಿಮ್ಮ ಊರಿನ ಶಿವಗಿರಿಯಲ್ಲಿ ಕುಳಿತಿರುವ 85 ಅಡಿಯ ಶಿವನಿಗೆ ಈ ಪದ ಯಾವ ಅನುಮಾನವೂ ಇಲ್ಲದೆ ಸಲ್ಲುತ್ತದೆ. ಮಕ್ಕಳು ಅದೊಂದನ್ನೇ ಬಿಟ್ಟಿದ್ದಾರಲ್ಲ!

ರೋಮಿನ ಕೊಲೋಸಿಯಂ ಕಟ್ಟಡಕ್ಕೆ ಆ ಹೆಸರು ಅದರ ಗಾತ್ರದಿಂದ ಬಂತೆಂದು ಬಹಳ ಜನ ತಿಳಿದಿದ್ದಾರೆ. ಅದರ ಪಕ್ಕದಲ್ಲಿ ನೀರೋ ಚಕ್ರವರ್ತಿ ಮಾಡಿಸಿದ್ದ ಕಂಚಿನ ದೊಡ್ಡ ಪ್ರತಿಮೆಯೊಂದು ನಿಂತಿತ್ತು. ಹೆಸರು ಬಂದದ್ದು ಆ ಪ್ರತಿಮೆಯಿಂದ.

ಪ್ರವಾಸಿ ಮಾರ್ಗದರ್ಶಿ, ವಿಜಯಪುರ

ಪ್ರಾಧ್ಯಾಪಕರ ಮಾತಿಗೆ ನನ್ನದೊಂದು ತಕರಾರಿದೆ. ಪ್ರತಿಮೆಗಷ್ಟೇ ಸಲ್ಲುತ್ತದೆ ಎಂದರೆ ಗೋಳಗುಮ್ಮಟಕ್ಕೆ ಏನು ಹೇಳೋಣ? ವಿದೇಶಿ ಪ್ರವಾಸಿಗರು ರೈಲಿನ ಕಿಟಕಿಯಿಂದ ಗುಮ್ಮಟ ಕಂಡು ಇದೇ ಪದ ಬಳಸುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಿದ್ದೇನೆ, ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ಹೊರಗೆ ನಿಂತಾಗ ಅವರ ಬಾಯಲ್ಲಿ ಬರುವ ಪದ ಬೇರೆ, ಒಳಗೆ ಹೋದ ಮೇಲೆ ಬರುವ ಪದ ಬೇರೆ. ಹೊರಗಿನಿಂದ ಅದು ಒಂದು ಮೈ. ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ನಾಲ್ಕು ಗೋಪುರಗಳು, ನಡುವೆ ಗೋಡೆಯ ರಾಶಿ, ಮೇಲೆ ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ಅಗಲದ ಗುಮ್ಮಟ. ಆಗ ‘ಕೊಲಾಸಲ್’ ಎನ್ನುತ್ತಾರೆ. ಒಳಗೆ ಕಾಲಿಟ್ಟರೆ ಮೈ ಮಾಯವಾಗುತ್ತದೆ, ಬಯಲು ಮಾತ್ರ ಉಳಿಯುತ್ತದೆ. ಸುಮಾರು 1,700 ಚದರ ಮೀಟರ್ ನೆಲದ ಮೇಲೆ ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು ಚೌಕವನ್ನು ಮೇಲೆ ಮೇಲೆ ಕಿರಿದುಮಾಡುತ್ತಾ ವೃತ್ತಕ್ಕೆ ತಂದು ನಿಲ್ಲಿಸುತ್ತವೆ. ಅಲ್ಲಿ ಅವರು ‘ವಾಸ್ಟ್’ ಎನ್ನುತ್ತಾರೆ, ‘ಇಮ್ಮೆನ್ಸ್’ ಎನ್ನುತ್ತಾರೆ, ಅಥವಾ ಏನೂ ಹೇಳದೆ ಮೇಲೆ ನೋಡುತ್ತಾರೆ. ಮೇಲಿನ ಪಿಸುಗುಟ್ಟುವ ಮೊಗಸಾಲೆ ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಎದುರು ಬದಿಯವರ ಕಿವಿಗೆ ಬೀಳುತ್ತದೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಹೊರಗೊಂದು ವಾಕ್ಯ, ಒಳಗೊಂದು ವಾಕ್ಯ ಬರೆಸಿ, ಪದ ತಾನಾಗಿ ಬೇರೆಯಾಗುತ್ತದೆ.

ಇನ್ನು ತೋಪಿನ ಮಾತು. ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್, ಉದ್ದ ನಾಲ್ಕೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಉಪಲಿ ಬುರುಜಿನ ಮೇಲಿರುವ ಉದ್ದ ತೋಪು ಸುಮಾರು 9 ಮೀಟರ್ ಇದೆ, ಅಂದರೆ ಮಲಿಕ್-ಎ-ಮೈದಾನಿನ ಎರಡರಷ್ಟು. ಆದರೂ ಉದ್ದ ತೋಪನ್ನು ಯಾರೂ ‘ಕೊಲಾಸಲ್’ ಎಂದದ್ದನ್ನು ನಾನು ಕೇಳಿಲ್ಲ, ಅದಕ್ಕೆ ‘ಲಾಂಗ್’ ಎನ್ನುತ್ತಾರೆ. ಮಲಿಕ್-ಎ-ಮೈದಾನಿನ ಬಾಯಿಯನ್ನು ಸಿಂಹದ ಬಾಯಿಯಂತೆ ಮಾಡಿದ್ದಾರೆ, ಹಲ್ಲುಗಳ ನಡುವೆ ಆನೆಯೊಂದು ಸಿಕ್ಕಿಬಿದ್ದಿದೆ. ಆ ಆನೆಯನ್ನು ನೋಡಿದ ಮೇಲೆಯೇ ತೋಪಿನ ಗಾತ್ರ ಮನಸ್ಸಿಗೆ ಇಳಿಯುವುದು. ಪದದಲ್ಲಿ ತೂಕವಿದೆ ಎಂಬುದು ನನ್ನ ಅಭಿಪ್ರಾಯ. ಉದ್ದ ಬೇರೆ, ಭಾರ ಬೇರೆ.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಮುದ್ದೇಬಿಹಾಳ

ಅಣಕು ಪರೀಕ್ಷೆಯಲ್ಲಿ ‘ವೆರಿ ಕೊಲಾಸಲ್’ ಎಂದು ಬರೆದಿದ್ದಕ್ಕೆ ಅಂಕ ಕಳೆದರು. ಕಾರಣ ಹೇಳಲಿಲ್ಲ. ‘ವೆರಿ ಬಿಗ್’ ಸರಿ ಇರುವಾಗ ಇದೇಕೆ ತಪ್ಪು? ಉಚ್ಚಾರಣೆಯನ್ನೂ ದಯವಿಟ್ಟು ತಿಳಿಸಿ, ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ.

ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ, ಬಾಗಲಕೋಟೆ

‘ವೆರಿ’ ಎಂಬುದು ಏಣಿಯ ಮೆಟ್ಟಿಲು ಹತ್ತಿಸುವ ಪದ. ಬಿಗ್, ವೆರಿ ಬಿಗ್ ಎಂದು ಏರಬಹುದು. ಕೊಲಾಸಲ್ ಆಗಲೇ ಕೊನೆಯ ಮೆಟ್ಟಿಲಿನಲ್ಲಿದೆ, ಅದಕ್ಕೆ ಮತ್ತೆ ಮೆಟ್ಟಿಲು ಇಡುವುದು ರೂಢಿಯಲ್ಲಿಲ್ಲ. ಒತ್ತಿ ಹೇಳಲೇಬೇಕೆಂದಿದ್ದರೆ ‘ಆಬ್ಸಲ್ಯೂಟ್ಲಿ ಕೊಲಾಸಲ್’ ಎನ್ನುತ್ತಾರೆ. ‘ಟ್ರೂಲಿ’ ಕೂಡ ನಡೆಯುತ್ತದೆ. ಎನಾರ್ಮಸ್, ಜೈಗ್ಯಾಂಟಿಕ್ ಪದಗಳಿಗೂ ಇದೇ ನಡೆ. ಕನ್ನಡದಲ್ಲಿ ನಾವು ‘ತುಂಬಾ ಅಪಾರ’ ಎನ್ನುತ್ತೇವೆಯೇ? ಇಲ್ಲವಲ್ಲ.

ಉಚ್ಚಾರಣೆಯಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ ಬೀಳಬೇಕು. ಮೊದಲಕ್ಷರ ‘ಕ’ ಎಂಬಷ್ಟು ಸಣ್ಣಗೆ, ‘ಲಾ’ ಗಟ್ಟಿಯಾಗಿ. ಬರೆಯುವಾಗ ನಡುವಿನ ‘ಎಲ್’ ಒಂದೇ, ‘ಎಸ್’ ಎರಡು. ಇದನ್ನು ತಿರುವುಮುರುವು ಮಾಡಿ ಬರೆಯುವವರು ಬಹಳ.

ಮಾರ್ಗದರ್ಶಿಗಳೇ, ನಿಮ್ಮ ತಕರಾರು ನ್ಯಾಯವಾದದ್ದು. ಪದ ಪ್ರತಿಮೆಯಿಂದ ಹೊರಟು ಕಟ್ಟಡಕ್ಕೆ, ಯಂತ್ರಕ್ಕೆ, ಪ್ರಾಣಿಗೆ ಹರಡಿದೆ. ಎರಡು ಮೂರು ಅಂತಸ್ತಿನ ಉದ್ದಕ್ಕೂ ಒಂದೇ ಕಂಬ ಎದ್ದು ನಿಂತರೆ ಅದನ್ನು ವಾಸ್ತುಶಾಸ್ತ್ರದವರು ‘ಕೊಲಾಸಲ್ ಆರ್ಡರ್’ ಎಂದೇ ಕರೆಯುತ್ತಾರೆ. ಒಳಗೆ-ಹೊರಗೆ ಎಂದು ನೀವು ತೋರಿಸಿದ ಭೇದ ನನಗೆ ಬಹಳ ಹಿಡಿಸಿತು. ನಿಘಂಟಿನಲ್ಲಿ ಅದನ್ನು ಹಾಗೆ ಬಿಡಿಸಿ ಬರೆದಿರುವುದಿಲ್ಲ, ಬಳಕೆಯಲ್ಲಿ ಮಾತ್ರ ಹೆಚ್ಚಾಗಿ ಹಾಗೆಯೇ ನಡೆಯುತ್ತದೆ.

ಒಂದು ಮಾತು. ಗೋಳಗುಮ್ಮಟ ‘ಜಗತ್ತಿನಲ್ಲೇ ಎರಡನೆಯ ದೊಡ್ಡ ಗುಮ್ಮಟ’ ಎಂದು ಮಕ್ಕಳು ಬರೆದಿದ್ದರೆ ಅದನ್ನು ದಯವಿಟ್ಟು ತಿದ್ದಿ. ಒಳ ಅಳತೆ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್ ಗುಮ್ಮಟ 43 ಮೀಟರ್ ದಾಟಿದೆ, ಸೇಂಟ್ ಪೀಟರ್ ಚರ್ಚಿನದು 41 ದಾಟಿದೆ. ಆದರೆ ಗುಮ್ಮಟದ ಕೆಳಗೆ ಮುಚ್ಚಿರುವ ನೆಲದ ಲೆಕ್ಕ ಹಿಡಿದರೆ ನಮ್ಮದು ಪ್ಯಾಂಥಿಯನ್ನಿಗಿಂತ ಹೆಚ್ಚು. 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ನಿಜವಾದ ಹೆಮ್ಮೆಗೆ ಇದು ಸಾಲದೇ?

ಭೌತಶಾಸ್ತ್ರ ಉಪನ್ಯಾಸಕಿ, ಬೆಳಗಾವಿ

ನಮ್ಮ ವಿಷಯದಲ್ಲಿಯೂ ಈ ಪದ ಇದೆ. ಯಾರೂ ಹೇಳದ ಕಾರಣ ಬರೆಯುತ್ತಿದ್ದೇನೆ.

ಕಾಂತಕ್ಷೇತ್ರದಲ್ಲಿಟ್ಟಾಗ ಕೆಲವು ವಸ್ತುಗಳ ವಿದ್ಯುತ್ ರೋಧ ಬದಲಾಗುತ್ತದೆ. ಬಹುತೇಕ ಲೋಹಗಳಲ್ಲಿ ಆ ಬದಲಾವಣೆ ತೀರ ಸಣ್ಣದು. 1988ರಲ್ಲಿ ಕಬ್ಬಿಣ ಮತ್ತು ಕ್ರೋಮಿಯಂನ ಅತಿ ತೆಳು ಪದರಗಳನ್ನು ಒಂದರ ಮೇಲೊಂದು ಜೋಡಿಸಿದಾಗ ದೊಡ್ಡ ಬದಲಾವಣೆ ಕಂಡಿತು. ಅದಕ್ಕೆ ‘ಜೈಂಟ್’ ಎಂದು ಹೆಸರಿಟ್ಟರು. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಓದುವ ಮೊನೆಗಳು ಇದರಿಂದ ಬದಲಾದವು. ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ 2007ರ ನೊಬೆಲ್ ಬಂತು. ಮುಂದೆ ಮ್ಯಾಂಗನೀಸ್ ಆಕ್ಸೈಡುಗಳಲ್ಲಿ ಅದಕ್ಕಿಂತಲೂ ಎಷ್ಟೋ ಪಟ್ಟು ಹೆಚ್ಚಿನ ಬದಲಾವಣೆ ಕಂಡಿತು. ‘ಜೈಂಟ್’ ಆಗಲೇ ಖರ್ಚಾಗಿತ್ತು! 1994ರಲ್ಲಿ ಅದನ್ನು ‘ಕೊಲಾಸಲ್’ ಎಂದು ಕರೆದರು, ಆ ಹೆಸರೇ ನಿಂತಿತು.

ಸಮುದ್ರದಲ್ಲಿಯೂ ಇದೇ ಕಥೆ. ‘ಜೈಂಟ್ ಸ್ಕ್ವಿಡ್’ ಎಂಬ ಹೆಸರು ಮೊದಲೇ ಇತ್ತು. ದಕ್ಷಿಣ ಧ್ರುವದ ಸುತ್ತಲಿನ ಕಡಲಿನಲ್ಲಿ ಸಿಕ್ಕ, 1925ರಲ್ಲಿ ಮೊದಲ ಬಾರಿಗೆ ವಿವರಿಸಲಾದ ಇನ್ನೊಂದು ಜಾತಿಗೆ ‘ಕೊಲಾಸಲ್ ಸ್ಕ್ವಿಡ್’ ಎಂಬ ಹೆಸರು ಬಂತು. 2007ರಲ್ಲಿ ಸಿಕ್ಕ ಒಂದರ ತೂಕ 495 ಕಿಲೋ. ಉದ್ದದಲ್ಲಿ ಜೈಂಟ್ ಮುಂದಿರಬಹುದು, ತೂಕದಲ್ಲಿ ಕೊಲಾಸಲ್ ಮುಂದು. ಮಾರ್ಗದರ್ಶಿಗಳು ಎರಡು ತೋಪುಗಳ ಬಗ್ಗೆ ಹೇಳಿದ್ದು ಇಲ್ಲಿಯೂ ಹಾಗೆಯೇ ಹೊಂದುತ್ತದೆ, ಓದಿ ಬಹಳ ಸಂತೋಷವಾಯಿತು.

ಅಮೆರಿಕದಲ್ಲಿ ಡಬ್ಬಿಯಲ್ಲಿ ಮಾರುವ ಆಲಿವ್ ಕಾಯಿಗಳ ಗಾತ್ರಕ್ಕೂ ದರ್ಜೆಗಳಿವೆ. ದೊಡ್ಡ ಕಾಯಿಗಳ ಒಂದು ದರ್ಜೆಯ ಹೆಸರು ‘ಕೊಲಾಸಲ್’. ಎರಡು ಬೆರಳಿನ ನಡುವೆ ಹಿಡಿಯುವ ಕಾಯಿ! ಆದ್ದರಿಂದ ಪದ ಇಂತಿಷ್ಟು ಮೀಟರ್ ಎಂದು ಹೇಳುವುದಿಲ್ಲ, ತನ್ನ ಜಾತಿಯ ಇತರರಿಗಿಂತ ಎಷ್ಟು ಮಿಗಿಲು ಎಂಬುದನ್ನು ಹೇಳುತ್ತದೆ.

ಅನುವಾದಕ, ಗೋಕಾಕ

ನೀವೆಲ್ಲ ಕಣ್ಣಿಗೆ ಕಾಣುವ ವಸ್ತುಗಳ ಮೇಲೆಯೇ ನಿಂತಿದ್ದೀರಿ. ಇಂದಿನ ಇಂಗ್ಲಿಷ್ ಪತ್ರಿಕೆ ಬಿಡಿಸಿ ನೋಡಿ, ಈ ಪದ ಪ್ರತಿಮೆಯ ಪಕ್ಕದಲ್ಲಿ ಇರುವುದಕ್ಕಿಂತ ‘ವೇಸ್ಟ್’, ‘ಫೇಲ್ಯೂರ್’, ‘ಬ್ಲಂಡರ್’ ಎಂಬ ಪದಗಳ ಪಕ್ಕದಲ್ಲಿಯೇ ಹೆಚ್ಚು ಸಿಗುತ್ತದೆ. ದಂಡವಾದ ಹಣಕ್ಕೆ, ಎಡವಿದ ಯೋಜನೆಗೆ, ಯಾರೋ ಮಾಡಿದ ಮಹಾ ತಪ್ಪಿಗೆ. ಅಭಿಮಾನದ ಪದ ಇಲ್ಲಿ ಆಕ್ಷೇಪಣೆಯ ಪದವಾಗಿದೆ. ‘ಕೊಲಾಸಲ್ ಸಕ್ಸೆಸ್’ ಎಂಬ ಬಳಕೆಯೂ ಇದೆ, ಆದರೆ ಮಕ್ಕಳಿಗೆ ಎರಡೂ ಮುಖ ಗೊತ್ತಿರಬೇಕು.

2019ರ ಆಗಸ್ಟ್‌ನ ನೆರೆಯ ನೆನಪು ಈ ಭಾಗದವರಿಗೆಲ್ಲ ಇದೆ. ಘಟಪ್ರಭಾ ಊರೊಳಗೆ ಬಂದಿತ್ತು, ಕೃಷ್ಣಾ ಮಲಪ್ರಭಾ ದಡದ ಹಳ್ಳಿಗಳೂ ಮುಳುಗಿದ್ದವು. ಆಗ ಹಾನಿಯ ವರದಿಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಬ್ಬ ರೈತನ ಎರಡು ಎಮ್ಮೆ, ಒಂದು ಎಕರೆ ಕಬ್ಬು, ಗೋಡೆ ಕುಸಿದ ಮನೆ ಎಂದು ಕನ್ನಡದಲ್ಲಿ ಇತ್ತು. ಅದನ್ನೆಲ್ಲ ತೆಗೆದು ‘ಕೊಲಾಸಲ್ ಲಾಸ್’ ಎಂದು ಒಂದೇ ಸಾಲಿನಲ್ಲಿ ಬರೆಯಲು ವರದಿ ತರಿಸಿಕೊಂಡವರು ಹೇಳಿದರು. ನಾನು ಒಪ್ಪಲಿಲ್ಲ. ಮೇಲೆ ಕುಳಿತು ಓದುವವನಿಗೆ ಎಮ್ಮೆ ಕಾಣುವುದಿಲ್ಲ, ವಿಶೇಷಣ ಕಾಣುತ್ತದೆ. ಅಂಥ ವಿಶೇಷಣ ಪ್ರತಿ ಜಿಲ್ಲೆಯ ವರದಿಯಲ್ಲಿಯೂ ಇರುತ್ತದೆ. ಇಡೀ ಜಿಲ್ಲೆಯ ಹಾನಿಯ ಮೊತ್ತ ಕೊಟ್ಟು, ಅದರ ಮುಂದೆ ಬೇಕಾದರೆ ಈ ಪದ ಬರೆಯಿರಿ. ಒಬ್ಬನ ಮನೆಯ ಮುಂದೆ ಬರೆಯಬೇಡಿ, ಅಲ್ಲಿ ಎಮ್ಮೆ ಎಂದೇ ಬರೆಯಿರಿ.

ಇನ್ನೊಂದು ಎಚ್ಚರಿಕೆ. ಅದೇ ವರದಿಗಳಲ್ಲಿ ‘ಎನಾರ್ಮಿಟಿ ಆಫ್ ದ ಫ್ಲಡ್’ ಎಂದೂ ಬರುತ್ತಿತ್ತು. ಎನಾರ್ಮಸ್ ಪದದ ಮೂಲ ಲ್ಯಾಟಿನ್, ಬಡಗಿಯ ಮೂಲೆಮಟ್ಟದ ಅಳತೆ ಮೀರಿದ್ದು ಎಂಬ ಅರ್ಥ. ಅದರಿಂದಲೇ ಹುಟ್ಟಿದ ‘ಎನಾರ್ಮಿಟಿ’ ಮಾತ್ರ ಕಟ್ಟಳೆ ಮೀರಿದ ಕ್ರೌರ್ಯ, ಘೋರ ಅಪರಾಧ ಎಂಬ ದಾರಿ ಹಿಡಿಯಿತು. ಬರೀ ಗಾತ್ರಕ್ಕೂ ಈಗ ಬಳಸುತ್ತಾರೆ, ನಿಘಂಟುಗಳೂ ಒಪ್ಪಿವೆ. ಆದರೂ ಎಚ್ಚರವುಳ್ಳ ಸಂಪಾದಕರು ಒಪ್ಪುವುದಿಲ್ಲ. ಮಳೆ ಅಪರಾಧ ಮಾಡುವುದಿಲ್ಲವಲ್ಲ.

ಕನ್ನಡ ಮೇಷ್ಟ್ರು, ಬಾದಾಮಿ

ಚರ್ಚೆ ಓದುತ್ತಾ ನನಗೆ ಒಂದು ಸಂಕಟ. ಇಂಗ್ಲಿಷಿನ ಆರು ಪದಗಳಿಗೆ ಆರು ಬಣ್ಣ ಹುಡುಕುತ್ತಿದ್ದೇವೆ, ಒಳ್ಳೆಯದೇ. ಆದರೆ ಕನ್ನಡದ ಕಡೆಗೆ ‘ಬೃಹತ್’ ಎಂಬ ಒಂದೇ ಪದ ನಿಲ್ಲಿಸಿದ್ದೇವೆ. ಬೃಹತ್ ಸಮಾವೇಶ, ಬೃಹತ್ ಪ್ರತಿಭಟನೆ, ಬೃಹತ್ ರಿಯಾಯಿತಿ ಮಾರಾಟ. ಗೋಡೆಬರಹದವರು ಅದನ್ನು ಸವೆಸಿಬಿಟ್ಟಿದ್ದಾರೆ.

ನಮ್ಮಲ್ಲಿ ಏನಿಲ್ಲ? ‘ಅಗಾಧ’ ಎಂದರೆ ತಳ ಸಿಗದ್ದು, ಆಳಕ್ಕೆ ಸೇರಿದ ಪದ. ‘ಅಪಾರ’ ಎಂದರೆ ಆಚೆ ದಡ ಕಾಣದ್ದು. ಆಲಮಟ್ಟಿಯ ಹಿನ್ನೀರಿಗೆ ಇದಕ್ಕಿಂತ ಒಪ್ಪುವ ಮಾತು ಇಲ್ಲ, ಇಂಗ್ಲಿಷಿನ ‘ವಾಸ್ಟ್’ ಅಲ್ಲಿಗೆ ಬರುತ್ತದೆ. ‘ಅಮಿತ’ ಎಂದರೆ ಅಳೆಯಲಾಗದ್ದು, ‘ಇಮ್ಮೆನ್ಸ್’ ಪದದ ಲ್ಯಾಟಿನ್ ಮೂಲಕ್ಕೂ ಅದೇ ಅರ್ಥ. ಕೊಲಾಸಲ್‌ಗೆ ‘ಮಹಾಕಾಯ’ ಎನ್ನಿ, ‘ದೈತ್ಯ’ ಎನ್ನಿ. ಎರಡರಲ್ಲಿಯೂ ಮೈ ಇದೆ. ಅಚ್ಚಗನ್ನಡವೇ ಬೇಕೆಂದರೆ ‘ಹೆ’ ಸೇರಿಸಿ ಮಾಡಿದ ಪದಗಳ ಸಾಲೇ ಇದೆ: ಹೆಮ್ಮರ, ಹೆಬ್ಬಂಡೆ, ಹೆಬ್ಬಾಗಿಲು, ಹೆದ್ದೆರೆ. ರೋಡ್ಸಿನ ಹೆಬ್ಬೆರಳೂ ಅದೇ ಸಾಲಿನದು.

ಗಾತ್ರವನ್ನು ಹೇಳುವ ರೀತಿಯನ್ನು ನೋಡಬೇಕೆಂದರೆ ನಮ್ಮ ಊರಿನ ಮೂರನೆಯ ಗುಹೆಗೆ ಬನ್ನಿ. ಚಾಲುಕ್ಯ ಮನೆತನದ ಮಂಗಳೇಶ ಮಾಡಿಸಿದ್ದು, ಅಲ್ಲಿನ ಶಾಸನ ಕ್ರಿ.ಶ. 578ರದು. ಅಲ್ಲಿ ತ್ರಿವಿಕ್ರಮನಿದ್ದಾನೆ, ಒಂದು ಕಾಲನ್ನು ಸೊಂಟಕ್ಕಿಂತ ಮೇಲೆ ಎತ್ತಿ ಅಡ್ಡಕ್ಕೆ ಚಾಚಿದ್ದಾನೆ. ಭೂಮಿ ಆಕಾಶ ಅಳೆದವನ ವಿಗ್ರಹ ಗುಹೆಯ ಸೂರಿನೊಳಗೆ ಹಿಡಿಸಬೇಕಿತ್ತು. ಶಿಲ್ಪಿ ಏನು ಮಾಡಿದ? ಕಾಲಿನ ಕೆಳಗೆ ಉಳಿದವರನ್ನು ಚಿಕ್ಕದಾಗಿ ಕೆತ್ತಿದ. ಒಬ್ಬನಂತೂ ಕಾಲನ್ನೇ ಅವುಚಿಕೊಂಡಿದ್ದಾನೆ. ಅವರನ್ನು ನೋಡಿ ಕಣ್ಣೆತ್ತಿದರೆ ಇವನು ಬೆಳೆಯುತ್ತಲೇ ಹೋಗುತ್ತಾನೆ. ತೋಪಿನ ಬಾಯಲ್ಲಿ ಆನೆಯಿಟ್ಟವನೂ ಅದನ್ನೇ ಮಾಡಿದ್ದಾನೆ. ಬರೆಯುವ ಮಕ್ಕಳಿಗೆ ನನ್ನದು ಒಂದೇ ಮಾತು: ವಿಶೇಷಣ ಬರೆಯುವ ಮೊದಲು ಪಕ್ಕದಲ್ಲಿ ಒಂದು ಚಿಕ್ಕ ವಸ್ತು ಇಡಿ.

ಇಂಗ್ಲಿಷ್ ಶಿಕ್ಷಕಿ, ವಿಜಯಪುರ

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಸಿಗುತ್ತದೆಂದು ಎಣಿಸಿರಲಿಲ್ಲ.

ಮಕ್ಕಳ ಪುಟಗಳನ್ನು ಮತ್ತೆ ತೆಗೆದು ನೋಡಿದೆ. ತೋಪಿನ ವಾಕ್ಯವನ್ನು ಹಾಗೆಯೇ ಉಳಿಸುತ್ತೇನೆ, ಆದರೆ ಆನೆಯನ್ನು ಸೇರಿಸಲು ಹೇಳುತ್ತೇನೆ. ಹಿನ್ನೀರಿಗೆ ‘ವಾಸ್ಟ್’. ಆಲಮಟ್ಟಿಯ ಅಣೆಕಟ್ಟಿಗೆ ‘ಕೊಲಾಸಲ್’ ಬಿಡಬಹುದೆಂದು ತೋರುತ್ತದೆ, ಒಂದೂವರೆ ಕಿಲೋಮೀಟರ್ ಉದ್ದ, 26 ಗೇಟುಗಳ ಗೋಡೆ ಅದು, ಮೈ ಇರುವಂಥದ್ದು. ಜಾತ್ರೆಯ ಜನಕ್ಕೆ ‘ಹ್ಯೂಜ್ ಕ್ರೌಡ್’ ಸಾಕು. ಗೋಳಗುಮ್ಮಟದ ವಾಕ್ಯವನ್ನು ಇಲ್ಲಿಂದ ತಿದ್ದುವುದಿಲ್ಲ. ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ, ಮಾರ್ಗದರ್ಶಿಗಳು ಹೇಳಿದಂತೆ ಹೊರಗೊಂದು ಒಳಗೊಂದು ಬರೆಸುತ್ತೇನೆ. ಪ್ರತಿ ಇಂಗ್ಲಿಷ್ ವಾಕ್ಯದ ಕೆಳಗೆ ಕನ್ನಡದ್ದೂ ಇರಬೇಕು, ಅದರಲ್ಲಿ ‘ಬೃಹತ್’ ಇರಬಾರದು.

ಕೊನೆಯದಾಗಿ ಒಂದು ಸಂದೇಹ. ಒಬ್ಬ ಹುಡುಗಿ ‘ಕೊಲಾಸಲಿ’ ಎಂದು ಕ್ರಿಯಾವಿಶೇಷಣ ಮಾಡಿ, ‘ಗುಮ್ಮಟವನ್ನು ಕೊಲಾಸಲಿ ಕಟ್ಟಲಾಗಿದೆ’ ಎಂಬರ್ಥದಲ್ಲಿ ಬರೆದಿದ್ದಾಳೆ. ಇದು ನಡೆಯುತ್ತದೆಯೇ?

ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ, ಬಾಗಲಕೋಟೆ

ಪದ ಇದೆ, ಆದರೆ ಆ ಜಾಗದಲ್ಲಿ ನಡೆಯುವುದಿಲ್ಲ. ‘ಕೊಲಾಸಲಿ’ ಸಾಮಾನ್ಯವಾಗಿ ಇನ್ನೊಂದು ವಿಶೇಷಣದ ಮುಂದೆ ಬರುತ್ತದೆ: ‘ಕೊಲಾಸಲಿ ಎಕ್ಸ್‌ಪೆನ್ಸಿವ್’, ‘ಕೊಲಾಸಲಿ ಸ್ಟುಪಿಡ್’. ಕಟ್ಟುವ ಕ್ರಿಯೆಗೆ ಅದನ್ನು ಜೋಡಿಸುವುದಿಲ್ಲ. ‘ಆನ್ ಎ ಕೊಲಾಸಲ್ ಸ್ಕೇಲ್’ ಎಂದು ಬರೆದರೆ ಅವಳು ಹೇಳಬೇಕೆಂದದ್ದು ಸರಿಯಾಗಿ ಬರುತ್ತದೆ. ಆ ಹುಡುಗಿಗೆ ಅಂಕ ಕಳೆಯಬೇಡಿ. ಪಟ್ಟಿಯಲ್ಲಿ ಇಲ್ಲದ ರೂಪವನ್ನು ತಾನೇ ಕಟ್ಟಿಕೊಂಡಿದ್ದಾಳೆ.

ಪ್ರವಾಸಿ ಮಾರ್ಗದರ್ಶಿ, ವಿಜಯಪುರ

ಮೇಡಂ, ಮಕ್ಕಳನ್ನು ಬಾಗಿಲು ತೆರೆಯುವ ಹೊತ್ತಿಗೇ ಕರೆತನ್ನಿ. ಮಧ್ಯಾಹ್ನದ ವೇಳೆಗೆ ಮೊಗಸಾಲೆಯಲ್ಲಿ ಎಲ್ಲರೂ ಕೂಗಿ ನೋಡುತ್ತಿರುತ್ತಾರೆ, ಪಿಸುಮಾತು ಕೇಳಿಸುವುದಿಲ್ಲ. ಮೇಲೆ ಹೋಗಲು ಗೋಪುರದೊಳಗಿನ ಮೆಟ್ಟಿಲುಗಳು ಇಕ್ಕಟ್ಟು, ಸಣ್ಣ ಸಣ್ಣ ಗುಂಪು ಮಾಡಿ ಕಳುಹಿಸಿ.